ಎರೆಯ ನಾಡಿನಲ್ಲಿ ಕೆರೆಯ ದಂಡೆ



ಕೆರೆಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಏರಿಯನ್ನು ಹೊಗಳುವರು, ತೂಬನ್ನು ವರ್ಣಿಸುವರು, ಕೆರೆ ಕಟ್ಟಿಸಿದ ಪುಣ್ಯವಂತರ ಶಾಸನಗಳನ್ನು ಓದಿ ಹೇಳುವರು. ನೀರೂ ನೆಲವೂ ಕೂಡುವ ದಂಡೆಯ ಮಾತನ್ನೆತ್ತುವವರು ವಿರಳ. ಆದರೆ ಕೆರೆಗೂ ಜನಕ್ಕೂ ಸಂಬಂಧವೇರ್ಪಡುವುದು ಆ ದಂಡೆಯಲ್ಲಿಯೇ. ಕೊಡ ಮುಳುಗುವುದು ಅಲ್ಲಿ. ದನ ಬಾಯಿಡುವುದು ಅಲ್ಲಿ. ಮಗುವಿನ ಕಾಲು ಜಾರುವುದೂ ಅಲ್ಲಿಯೇ. ಆದುದರಿಂದ ಧಾರವಾಡ ಜಿಲ್ಲೆಯ ಹಳ್ಳಿಗಾಡನ್ನು, ಎಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಸೀಮೆಯನ್ನು ಕಣ್ಣ ಮುಂದಿರಿಸಿಕೊಂಡು, ಕೆರೆಯ ದಂಡೆಯಲ್ಲಿ ಏನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು, ಏನನ್ನು ಕಟ್ಟಬಾರದು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇವೆ.

ಪಟ್ಟಣದಲ್ಲಿ ನಲ್ಲಿ ತಿರುಗಿಸಿ ನೀರು ಪಡೆಯುವವರಿಗೆ ಇದು ದೂರದ ಮಾತೆಂದು ತೋರಬಹುದು. ಹುಬ್ಬಳ್ಳಿಯ ನಲ್ಲಿಗಳಿಗೆ ನೀರೊದಗಿಸುವುದಕ್ಕಾಗಿಯೇ 1950ರ ದಶಕದಲ್ಲಿ ಕಲಘಟಗಿಯ ಸೀಮೆಯಲ್ಲಿ ನೀರಸಾಗರವನ್ನು ಕಟ್ಟಿದರೆಂಬುದನ್ನು ನೆನೆದರೆ ಆ ದೂರ ಕಡಮೆಯಾದೀತು. ಅದೂ ಅಲ್ಲದೆ, ಹಳ್ಳಿಯ ಕೆರೆಗಳ ನಕ್ಷೆಗಳನ್ನು ಬರೆಯುವವರೂ ವೆಚ್ಚದ ಅಂದಾಜುಗಳಿಗೆ ಒಪ್ಪಿಗೆ ಕೊಡುವವರೂ ಬಹುಮಟ್ಟಿಗೆ ಪಟ್ಟಣಗಳ ವಿದ್ಯಾವಂತರೇ. ಹೀಗಿರುವಲ್ಲಿ ಈ ವಿಷಯವು ತಮಗೆ ಸೇರಿದುದೇ ಆಗಿದೆ.

ಮೊದಲು ನೆಲದ ಸ್ವರೂಪವನ್ನು ತಿಳಿಯೋಣ. ಈ ಜಿಲ್ಲೆಯಲ್ಲಿ ಎರಡು ನಾಡುಗಳು ಒಂದರ ಪಕ್ಕದಲ್ಲೊಂದು ಮಲಗಿವೆ. ಪಶ್ಚಿಮದ ಕಲಘಟಗಿಯು ಮಲೆನಾಡಿನ ಸೆರಗು. ಅಲ್ಲಿ ದಿಣ್ಣೆ ತಗ್ಗುಗಳೂ ಕಾಡೂ ಉಂಟು, ಮಳೆ ಹೆಚ್ಚು, ಅಲ್ಲಿಯ ನೀರು ಬೇಡ್ತಿಯಲ್ಲಿ ಹರಿದು ಪಶ್ಚಿಮ ಸಮುದ್ರವನ್ನು ಸೇರುವುದು. ಪೂರ್ವದ ನವಲಗುಂದ, ಅಣ್ಣಿಗೇರಿಗಳೂ ಕುಂದಗೋಳದ ಬಹುಭಾಗವೂ ಬಯಲುಸೀಮೆ. ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಯ ನೆಲ. ಅಲ್ಲಿಯ ನೀರು ಬೆಣ್ಣಿಹಳ್ಳದಲ್ಲಿ ಹರಿದು ಮಲಪ್ರಭೆಯನ್ನು ಕೂಡಿ, ಕೃಷ್ಣೆಯ ಮೂಲಕ ಪೂರ್ವ ಸಮುದ್ರಕ್ಕೆ ಹೋಗುವುದು. ಪೂರ್ವಭಾಗದ ಅನೇಕ ಊರುಗಳಲ್ಲಿ ನೆಲದಡಿಯ ನೀರು ಸವಳು. ಕೊಳವೆಬಾವಿಯನ್ನು ಕೊರೆದರೂ ಬಾಯಿಗಿಡಲಾಗದ ನೀರು ಬರುವುದುಂಟು. ನವಲಗುಂದದ ನೀಲಮ್ಮನ ಕೆರೆಯಂತಹ ಕೆರೆಗಳು ಅಲ್ಲಿಯ ಜನರ ಪಾಲಿಗೆ ಬಾಯಾರಿಕೆಯನ್ನು ಹಿಂಗಿಸುವ ಆಧಾರವಾದುದು ಈ ಕಾರಣದಿಂದಲೇ. ಅಂತಹ ಕೆರೆಯ ದಂಡೆ ಕುಸಿದರೆ ಅಥವಾ ಕೊಳೆತರೆ ಕೆಡುವುದು ಊರಿನ ಸೊಗಸು ಮಾತ್ರವಲ್ಲ, ಊರಿನ ಉದಕವೇ.

ಇನ್ನು ನೀರಿನ ಸ್ವಭಾವ. ಅಮೆರಿಕದ ಮಿನ್ನೆಸೋಟಾ ಮೊದಲಾದ ಶೀತಪ್ರದೇಶಗಳಲ್ಲಿ ಸಾವಿರಾರು ನಿಸರ್ಗ ಸರೋವರಗಳುಂಟು. ಅವುಗಳ ತೀರದಲ್ಲಿ ಮನೆಯುಳ್ಳವರು ತಮ್ಮ ತಮ್ಮ ದೋಣಿಗಳಿಗಾಗಿ ಮರದ ಧಕ್ಕೆಗಳನ್ನು ನೀರಿನೊಳಕ್ಕೆ ಚಾಚಿ ಕಟ್ಟುವರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಮರವನ್ನು ಮುರಿಯುವುದೆಂದು ಹಲವರು ಅವನ್ನು ಬಿಚ್ಚಿ ದಡಕ್ಕೆ ತೆಗೆದಿಡುವರು. ಅವರ ಚಿಂತೆ ಮಂಜುಗಡ್ಡೆಯದು. ನಮ್ಮ ಚಿಂತೆ ಬೇರೆ. ನಮ್ಮ ಕೆರೆಯು ಮುಂಗಾರಿನಲ್ಲಿ ತುಂಬಿ ಕೋಡಿ ಹರಿದು, ಬೇಸಿಗೆಗೆ ನಡುವಿನ ಹೊಂಡವೊಂದನ್ನುಳಿಸಿ ಬತ್ತುವುದು. ಶ್ರಾವಣದಲ್ಲಿ ನೀರಿಗೆ ತಾಗಿದ್ದ ಧಕ್ಕೆಯು ಚೈತ್ರದಲ್ಲಿ ಒಣಗಿದ ಕೆಸರಿನ ಮೇಲೆ ನಿಂತು ಯಾರಿಗೂ ಬಾರದಾಗುವುದು. ನೀರು ಎಷ್ಟು ಇಳಿದರೂ ಅದರ ಬೆನ್ನುಹತ್ತಿ ಇಳಿಯಬಲ್ಲ ರಚನೆ ಒಂದೇ: ಪಾವಟಿಗೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನಾಗಲಿ, ಹಂಪೆಯಲ್ಲಿ ಅಗೆದು ತೆಗೆದಿರುವ ಮೆಟ್ಟಿಲುಗಳ ಪುಷ್ಕರಣಿಯನ್ನಾಗಲಿ ನೋಡಿದವರು ಅವುಗಳ ಚೆಲುವಿಗೆ ಮೆಚ್ಚುವರು. ಆ ಚೆಲುವಿನ ಹಿಂದೆ ಈ ಲೆಕ್ಕಾಚಾರವಿದೆಯೆಂಬುದನ್ನು ಮರೆಯಬಾರದು. ನೀರು ಯಾವ ಮಟ್ಟದಲ್ಲಿದ್ದರೂ ಅಲ್ಲೊಂದು ಮೆಟ್ಟಿಲು ಸಿದ್ಧವಾಗಿರುವುದು.

ವಿಹಾರಕ್ಕೋ ಮೀನುಗಾರಿಕೆಗೋ ದೋಣಿ ಬೇಕೇಬೇಕೆನ್ನುವ ಕೆರೆಗಳಲ್ಲಿ ನೆಟ್ಟ ಕಂಬಗಳ ಧಕ್ಕೆಗಿಂತ ತೇಲುವ ಧಕ್ಕೆಯೇ ಲೇಸು. ದಡಕ್ಕೆ ಕೀಲಿನಿಂದ ಬಂಧಿಸಿದ ಹಲಗೆಯ ಸೇತುವೊಂದು ಅದಕ್ಕೆ ಸೇರಿರುವುದು. ನೀರು ಏರಿದಂತೆ ತಾನೂ ಏರಿ, ಇಳಿದಂತೆ ತಾನೂ ಇಳಿಯುವುದರಿಂದ ಅದು ಹಂಗಾಮುಗಳ ಬದಲಾವಣೆಯನ್ನು ಸಹಿಸಬಲ್ಲದು. ನಮ್ಮ ಹಿಂದಿನವರ ಹರಿಗೋಲಿಗಾದರೋ ಧಕ್ಕೆಯ ಹಂಗೇ ಇರಲಿಲ್ಲ; ದಡಕ್ಕೆಳೆದು ಮಗುಚಿಟ್ಟರೆ ಮುಗಿಯಿತು.

ಈಗ ಎರೆಯ ಮಣ್ಣಿನ ಗುಣಕ್ಕೆ ಬರೋಣ, ಕಷ್ಟವಿರುವುದು ಅಲ್ಲಿಯೇ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯ ಕಣಗಳು ಹೇರಳವಾಗಿವೆ. ಅವು ನೀರು ಕುಡಿದು ಉಬ್ಬುವುವು, ಒಣಗಿ ಕುಗ್ಗುವುವು. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ನೆಲ ಬಿರಿಯುವುದನ್ನು ಆ ಸೀಮೆಯಲ್ಲಿ ಓಡಾಡಿದವರೆಲ್ಲ ಕಂಡಿರುವರು. ಮಣ್ಣಿನ ಈ ಉಸಿರಾಟವು ನೆಲಮಟ್ಟದಿಂದ ಸುಮಾರು 3.5 ಮೀಟರಿನವರೆಗೂ ನಡೆಯುವುದೆಂದು ಕಟ್ಟಡಶಾಸ್ತ್ರಜ್ಞರು ಎಣಿಸುವರು. ಹೀಗಾಗಿ ಅಲ್ಪ ಆಳದ ಬುನಾದಿಯ ಮೇಲೆ, ಸಿಮೆಂಟಿನಿಂದ ಬಿಗಿದ ನೆಟ್ಟನೆಯ ಗೋಡೆಯೊಂದನ್ನು ದಂಡೆಯಲ್ಲಿ ಎಬ್ಬಿಸಿದರೆ, ಮಳೆಗಾಲದಲ್ಲಿ ಹಿಂದಿನ ಮಣ್ಣು ಉಬ್ಬಿ ಗೋಡೆಯನ್ನು ನೀರಿನತ್ತ ನೂಕುವುದು. ಬೇಸಿಗೆಯಲ್ಲಿ ಕುಗ್ಗಿ ಅದರ ಹಿಂದೆ ಪೊಳ್ಳು ಬಿಡುವುದು. ನಾಲ್ಕಾರು ವರ್ಷ ಈ ನೂಕಾಟ ನಡೆದರೆ ಗೋಡೆ ಬಿರುಕು ಬಿಟ್ಟು ವಾಲುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಇನ್ನೊಂದು ಅಪಾಯವೂ ಜೊತೆಗೂಡುವುದು. ಕೆರೆಯ ನೀರನ್ನು ತೂಬಿನಿಂದ ಬೇಗ ಬೇಗನೆ ಹೊರಬಿಟ್ಟಾಗ ಕೆರೆಯ ಮಟ್ಟ ತಗ್ಗುವುದು. ಆದರೆ ದಂಡೆಯ ಮಣ್ಣು ಹೀರಿಕೊಂಡ ನೀರನ್ನು ಅಷ್ಟು ಬೇಗನೆ ಬಿಟ್ಟುಕೊಡದು. ಇಷ್ಟು ದಿನ ಎದುರಿನಿಂದ ಒತ್ತಿ ಹಿಡಿದಿದ್ದ ಕೆರೆಯ ನೀರಿನ ಆಸರೆ ತಪ್ಪಿ, ತೊಯ್ದು ಭಾರವಾದ ದಂಡೆಯು ಜಾರಿ ಬೀಳುವುದು. ಗೋಡೆಯಲ್ಲಿ ನೀರು ಬಸಿಯಲು ಕಂಡಿಗಳಿಲ್ಲದಿದ್ದರೆ ಆ ಗೋಡೆಯೂ ಅದರೊಡನೆಯೇ ಹೋಗುವುದು.

ಮಣ್ಣನ್ನು ಪರೀಕ್ಷಿಸದೆ ಕೆರೆಗೆ ಕೈಹಾಕಬಾರದೆಂಬುದು ಹೊಸ ತಿಳಿವೇನೂ ಅಲ್ಲ. ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯೊಂದುಂಟು. 1369ರ ಅದರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿ ಹೇಳುವುದು. ಗಟ್ಟಿಯಾದ ಜೇಡಿಯ ನೆಲ, ಹತ್ತಿರದಲ್ಲಿ ಉದ್ದನೆಯ ನೇರವಾದ ಕಲ್ಲು ದೊರೆಯುವ ಗಣಿ, ಕಟ್ಟುವ ವಿದ್ಯೆಯನ್ನು ಬಲ್ಲ ಕೆಲಸಗಾರರ ಪಡೆ, ಇವು ಅಂಗಗಳಲ್ಲಿ ಸೇರಿವೆ. ಏರಿಯಿಂದ ನೀರು ಜಿನುಗುವುದೂ ಉಪ್ಪುನೆಲವೂ ದೋಷಗಳಲ್ಲಿ ಸೇರಿವೆ. ನವಲಗುಂದದ ಸವಳು ನೆಲವನ್ನು ಬಲ್ಲವರಿಗೆ ಈ ಮಾತಿನ ಬೆಲೆ ತಿಳಿದೀತು.

ನಮ್ಮ ಕಾಲದಲ್ಲಿಯೂ ಈ ಸೀಮೆಯ ಎರೆಯೇ ಒಂದು ಹೊಸ ವಿದ್ಯೆಗೆ ಪಾಠಶಾಲೆಯಾಯಿತು. ಮಲಪ್ರಭೆಯ ಕಾಲುವೆಗಳನ್ನು ಈ ಕಪ್ಪು ನೆಲದಲ್ಲಿ ತೋಡಿದಾಗ, ಅವುಗಳ ಮೈಗೆ ಹಾಸಿದ ಕಲ್ಲು ಸಿಮೆಂಟುಗಳು ಮಣ್ಣಿನ ಉಬ್ಬರದಿಂದ ಒಡೆಯುವ ಸಮಸ್ಯೆ ಎದುರಾಯಿತು. ಮುಂಬಯಿಯ ಐ. ಐ. ಟಿ.ಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿಯವರು ಇದನ್ನು ವ್ಯಾಸಂಗಮಾಡಿ, ಎರೆಗೂ ಹಾಸಿಗೂ ನಡುವೆ ಉಬ್ಬದಂತಹ, ಆದರೆ ಅಂಟುಳ್ಳ ಮಣ್ಣಿನ ದಪ್ಪನೆಯ ಪದರವನ್ನು ಹಾಕುವ ಉಪಾಯವನ್ನು ರೂಪಿಸಿದರು. ಅವರ ಈ ಕ್ರಮವನ್ನು ಮಲಪ್ರಭಾ ಕಾಲುವೆಯಲ್ಲಿ ಪ್ರಯೋಗಿಸಿದರು. ಅದು ಮುಂದೆ ಇತರ ಎರೆಯ ಸೀಮೆಗಳಿಗೂ ಮಾದರಿಯಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು, ಉಬ್ಬು ತಗ್ಗುಗಳು ತಲಪದಷ್ಟು ಆಳಕ್ಕೆ ರಂಧ್ರ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲಮಾಡಿ ಕಾಂಕ್ರೀಟು ತುಂಬುವ ಬುನಾದಿಯ ಕಂಬಗಳನ್ನು ಬಳಕೆಗೆ ತಂದರು. ದಂಡೆಯಲ್ಲಿ ಮಂಟಪವನ್ನೋ ಪಂಪಿನ ಮನೆಯನ್ನೋ ಕಟ್ಟಲೇಬೇಕಾದಲ್ಲಿ ಈ ಬಗೆಯ ಬುನಾದಿಯೇ ತಕ್ಕುದು.

ಇಷ್ಟನ್ನು ತಿಳಿದ ಮೇಲೆ ದಂಡೆಯನ್ನು ಕಟ್ಟುವ ಬಗೆಯು ತಾನಾಗಿಯೇ ಹೊಳೆಯುವುದು. ಮೊದಲನೆಯದಾಗಿ, ದಂಡೆಯು ನೆಟ್ಟಗಿರದೆ ಇಳಿಜಾರಾಗಿರಬೇಕು. ಒಂದು ಅಡಿ ಎತ್ತರಕ್ಕೆ ಮೂರು ಅಡಿಯಷ್ಟು ಓರೆ ಕೊಟ್ಟರೆ ಎರೆಯ ಮಣ್ಣು ಬಹುಮಟ್ಟಿಗೆ ನಿಲ್ಲುವುದು. ಎರಡನೆಯದಾಗಿ, ಮೇಲಿನ ಎರೆಯನ್ನು ತೆಗೆದು ಅಲ್ಲಿ ಗರಸನ್ನು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಕಲಘಟಗಿಯ ಕಡೆಯ ಮಸಾರಿ ನೆಲದಲ್ಲಿ ಈ ಖರ್ಚು ಬಹಳ ಮಟ್ಟಿಗೆ ತಪ್ಪುವುದು. ಒಂದೇ ಜಿಲ್ಲೆಯೆಂದು ಒಂದೇ ನಕ್ಷೆಯನ್ನು ಎರಡು ಕಡೆಗೂ ಕಳುಹಿಸುವುದು ಸರಿಯಲ್ಲ. ಮೂರನೆಯದಾಗಿ, ಗರಸಿನ ಮೇಲೆ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಗಾರೆಯಿಲ್ಲದೆ ಬಿಗಿಯಾಗಿ ಕೂಡಿಸಿದ ಕಲ್ಲುಹಾಸು ಇರಬೇಕು. ಬಯಲಿನ ಗಾಳಿ ಎಬ್ಬಿಸುವ ತೆರೆಗಳು ದಂಡೆಯನ್ನು ಕೊರೆಯುವುದನ್ನು ಕಲ್ಲು ತಡೆಯುವುದು. ಕಲ್ಲಿನ ಸಂದಿಯಿಂದ ಮಣ್ಣು ಕೊಚ್ಚಿಹೋಗುವುದನ್ನು ಮರಳು ಜಲ್ಲಿಗಳು ತಡೆಯುವುವು. ಒಳಗಿನ ನೀರು ಸರಾಗವಾಗಿ ಬಸಿಯುವುದು. ನೆಲ ತುಸು ಅಲುಗಿದರೆ ಕಲ್ಲುಹಾಸೂ ತುಸು ಅಲುಗಿ ಮತ್ತೆ ಕೂಡುವುದು. ಬಿಗಿದ ಗೋಡೆಯಂತೆ ಒಡೆಯದು. ಜಾರಿದ ನಾಲ್ಕು ಕಲ್ಲುಗಳನ್ನು ಊರವರೇ ಮರಳಿ ಕೂಡಿಸಬಹುದು. ನಾಲ್ಕನೆಯದಾಗಿ, ಇಳಿಜಾರಿನ ಪಾದದಲ್ಲಿ ದೊಡ್ಡ ಬಂಡೆಗಳನ್ನು ನೆಲಕ್ಕೆ ಹೂಳಿ ಆಸರೆ ಕೊಡಬೇಕು.

ಪಾವಟಿಗೆಗಳನ್ನು ಈ ಇಳಿಜಾರಿನಲ್ಲಿಯೇ ಕೂಡಿಸಬೇಕು. ತುಂಬಿದ ಕೊಡ ಹೊತ್ತ ಹೆಂಗಸಿಗೆ ತನ್ನ ಪಾದ ಕಾಣದು. ಆದಕಾರಣ ಮೆಟ್ಟಿಲಿನ ಎತ್ತರ 6 ಅಂಗುಲವನ್ನು ಮೀರಬಾರದು. ಅಗಲವು 12 ಅಂಗುಲಕ್ಕೆ ಕಡಮೆಯಿರಬಾರದು. ಎಲ್ಲ ಮೆಟ್ಟಿಲುಗಳೂ ಒಂದೇ ಅಳತೆಯವಾಗಿರಬೇಕು. ಕಲ್ಲಿನ ಮುಖವನ್ನು ನುಣುಪುಮಾಡದೆ ಉಳಿಯ ಗುರುತುಗಳನ್ನು ಹಾಗೆಯೇ ಬಿಡಬೇಕು. ಪಾಚಿ ಕಟ್ಟಿದ ನುಣ್ಣನೆಯ ಕಲ್ಲು ಕಾಲಿಗೆ ಶತ್ರು. ಹತ್ತು ಹನ್ನೆರಡು ಮೆಟ್ಟಿಲುಗಳಿಗೊಮ್ಮೆ ಅಗಲವಾದ ಜಗಲಿಯೊಂದಿದ್ದರೆ ನಿಲ್ಲಲೂ ಜಾಗ, ಬಿದ್ದವರಿಗೆ ತಡೆಯೂ ಆಗುವುದು.

ಕುಡಿಯುವ ನೀರಿನ ಕೆರೆಯಲ್ಲಿ ಎಲ್ಲರಿಗೂ ಎಲ್ಲದಕ್ಕೂ ಒಂದೇ ಇಳಿದಾಣ ಸಲ್ಲದು. ನೀರು ತುಂಬುವ ಪಾವಟಿಗೆಯು ಒಂದೆಡೆ, ದನಕರುಗಳು ಇಳಿಯುವ ಕಲ್ಲುಹಾಸಿನ ಇಳಿಜಾರು ಅದರಿಂದ ದೂರ ಇನ್ನೊಂದೆಡೆ ಇರಬೇಕು. ಬಟ್ಟೆ ಒಗೆಯುವ ಕಲ್ಲುಗಳಂತೂ ಕೆರೆಯ ಒಳಗೆ ಇರಲೇಬಾರದು. ಏರಿಯ ಹೊರಬದಿಯಲ್ಲಿ ಕೊಳವೆಯಿಂದ ತೊಟ್ಟಿಗೆ ನೀರು ಬಿಟ್ಟು, ಅಲ್ಲಿ ಒಗೆಯುವ ಅನುಕೂಲವನ್ನು ಮಾಡಿಕೊಟ್ಟರೆ ಸಾಬೂನಿನ ನೀರು ಹಿಂದಿರುಗಿ ಕೆರೆಗೆ ಬಾರದು. ಅನುಕೂಲವನ್ನು ಕಟ್ಟಿಕೊಡದೆ ನಿಷೇಧದ ಹಲಗೆಯನ್ನು ಮಾತ್ರ ತೂಗುಹಾಕುವುದರಿಂದ ಪ್ರಯೋಜನವಿಲ್ಲ.

ಇನ್ನು ಕಟ್ಟಬಾರದುದನ್ನು ಹೇಳಬೇಕು. ಕೆರೆಯ ಅಂದವನ್ನು ಹೆಚ್ಚಿಸುವ ನೆಪದಲ್ಲಿ ಅಂಗಳದೊಳಕ್ಕೆ ಮಣ್ಣು ತುಂಬಿ, ಸುತ್ತಲೂ ಗೋಡೆಯೆಬ್ಬಿಸಿ, ಅದರ ಮೇಲೆ ತಿರುಗಾಟದ ದಾರಿಯನ್ನು ಮಾಡುವ ರೂಢಿ ಹಬ್ಬುತ್ತಿರುವುದು. ಇದರಿಂದ ಕೆರೆಯ ಹೊಟ್ಟೆ ಕಿರಿದಾಗುವುದು. ಹೊಲಗಳಿಂದ ಹರಿದುಬರುವ ನೀರಿಗೆ ಬಾಗಿಲು ಮುಚ್ಚುವುದು. ತೀರದ ಜೊಂಡೂ ಹುಲ್ಲೂ ನಾಶವಾಗಿ ಮೀನು ಹಕ್ಕಿಗಳಿಗೆ ನೆಲೆ ತಪ್ಪುವುದು. ಗೋಡೆಯಿಂದ ಒಳಕ್ಕೆ ಬಿದ್ದ ಕರುವಿಗಾಗಲಿ ಮಗುವಿಗಾಗಲಿ ಮೇಲೇರಿ ಬರಲು ದಾರಿಯಿರದು. ಏರಿಯ ಮೈಯನ್ನು ಕಡಿದು ಮೆಟ್ಟಿಲು ಕೂಡಿಸುವುದೂ ಅಪಾಯ. ಕೆರೆ ಹೆಚ್ಚು ತುಂಬಿ ಕಾಣಲೆಂದು ಕೋಡಿಯನ್ನು ಎತ್ತರಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬೇಸಿಗೆಯಲ್ಲಿ ಬಿರಿದ ಎರೆಯ ಏರಿಯ ಬಿರುಕುಗಳಿಗೆ ಮೊದಲ ದೊಡ್ಡ ಮಳೆಯ ನೀರು ನುಗ್ಗುವುದು. ಆಗ ಕೋಡಿಯೂ ಸಾಲದಾದರೆ ಏರಿ ಒಡೆದು ಕೆಳಗಿನ ಹೊಲ ಮನೆಗಳ ಗತಿಯೇನು? ಏರಿಯ ನೆತ್ತಿಗೆ ಗರಸಿನ ಹೊದಿಕೆ ಹಾಕಿ, ಬಿರುಕುಗಳನ್ನು ಮಳೆಗೆ ಮುಂಚೆ ಮುಚ್ಚುವುದು ಅಗ್ಗದ ಕೆಲಸ. ಅದನ್ನು ಮೊದಲು ಮಾಡಬೇಕು.

ತೀರವು ಯಾರದೆಂಬ ಪ್ರಶ್ನೆಯೂ ಒಂದುಂಟು. ಪರದೇಶದ ಸರೋವರಗಳ ದಂಡೆಯಲ್ಲಿ ಮನೆಮನೆಗೊಂದು ಧಕ್ಕೆಯಿದ್ದರೆ, ನಮ್ಮಲ್ಲಿ ಕೆರೆಯಂಗಳವು ಊರ ಸಮಸ್ತರದು. ಕೆರೆಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 2014ರ ಪ್ರತ್ಯೇಕ ಅಧಿನಿಯಮವೊಂದು ಜಾರಿಗೆ ಬಂದು, ಕೆರೆಯ ನೆಲವನ್ನು ಒತ್ತುವುದು ಶಿಕ್ಷಾರ್ಹವೆಂದು ಗೊತ್ತಾಗಿದೆ. ಆದರೂ ಕಾಯಿದೆಯ ಕಣ್ಣು ಎಲ್ಲ ದಂಡೆಗಳನ್ನೂ ಕಾಯಲಾರದು. ದಿನವೂ ಊರವರ ಕಾಲು ತುಳಿಯುವ ದಂಡೆಯನ್ನು ಒತ್ತಿಕೊಳ್ಳಲು ಯಾರಿಗೂ ಧೈರ್ಯ ಸಾಲದು; ಜನ ಬಿಟ್ಟುಹೋದ ದಂಡೆಯೇ ಒತ್ತುವರಿಗೆ ಈಡಾಗುವುದು. ಆದುದರಿಂದ ಜನರನ್ನು ನೀರಿನಿಂದ ದೂರವಿಡುವ ಗೋಡೆಗಿಂತ ಅವರನ್ನು ನೀರಿನ ಬಳಿಗೆ ಕರೆತರುವ ಪಾವಟಿಗೆಯು ಕೆರೆಗೆ ಹೆಚ್ಚಿನ ಕಾವಲು.

ತಮ್ಮ ಮೇಜಿನ ಮೇಲೆ ಯಾವುದಾದರೊಂದು ಹಳ್ಳಿಯ ಕೆರೆಯ ನಕ್ಷೆ ಬಂದರೆ, ಒಪ್ಪಿಗೆ ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಅಲ್ಲಿಯ ಮಣ್ಣು ಎರೆಯೋ ಮಸಾರಿಯೋ? ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇಳಿಯುವುದು? ಕೊಡ ಹೊತ್ತವರೂ ದನಕರುಗಳೂ ಎಲ್ಲಿಂದ ಇಳಿಯಬೇಕು? ಈ ಮೂರಕ್ಕೆ ಉತ್ತರವಿಲ್ಲದ ನಕ್ಷೆಯನ್ನು, ಅದರ ಚಿತ್ರವೆಷ್ಟೇ ಅಂದವಾಗಿದ್ದರೂ, ಹಿಂದಕ್ಕೆ ಕಳುಹಿಸುವುದೇ ಊರಿಗೆ ಮಾಡುವ ಉಪಕಾರ.