ಮೊದಲ ಪುಟ ತಲುಪುವವರೆಗೆ: ಮೊಬೈಲ್ ಗ್ರಂಥಾಲಯ, ನಮ್ಮ ಮಕ್ಕಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಂಥಾಲಯವು ಪಂಚಾಯಿತಿಗೆ ಹೊರಗಿನ ವಿಷಯವಲ್ಲ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ 20ನೆಯ ವಿಷಯವಾಗಿ ಗ್ರಂಥಾಲಯಗಳ ಹೆಸರಿದೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಈಗ ಅವುಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತೇವೆ. ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುವವರು ನಾವೇ. ಆದ್ದರಿಂದ ಓದುವ ಮಗುವಿಗೆ ಉತ್ತರ ಹೇಳಬೇಕಾದವರೂ ನಾವೇ.

ಇತ್ತೀಚಿನ ವರ್ಷಗಳಲ್ಲಿ ಈ ಹೊಣೆಗೆ ಮೊಬೈಲ್ ಸೇರಿಕೊಂಡಿದೆ. ಪಾಠಗಳಿಗಾಗಿ 2017ರಲ್ಲಿ ದೀಕ್ಷಾ ಬಂದಿತು. 2018ರಲ್ಲಿ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ಲೋಕಾರ್ಪಣೆಗೊಂಡಿತು. 2020ರಲ್ಲಿ ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಆರಂಭವಾಯಿತು. ಕಾಗದದ ಮೇಲೆ ನೋಡಿದರೆ, ಕಳಸದ ಮಗುವಿಗೂ ಬೆಂಗಳೂರಿನ ಮಗುವಿಗೂ ಇಂದು ಒಂದೇ ಪುಸ್ತಕ ಭಂಡಾರವಿದೆ. ಆ ಭಂಡಾರದ ಬಾಗಿಲು ನಮ್ಮ ಮಗುವಿಗೆ ತೆರೆಯುತ್ತದೆಯೇ ಎಂಬುದೇ ಇಂದಿನ ನನ್ನ ವಿಷಯ.

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಮಳೆಗಾಲದ ಒಂದು ಮಧ್ಯಾಹ್ನ ಒಂದು ಅರಿವು ಕೇಂದ್ರದಲ್ಲಿ ಕುಳಿತಿದ್ದೆ. ಎಸ್ಟೇಟಿನ ಲೈನ್ ಮನೆಯಿಂದ ಒಂಬತ್ತನೇ ತರಗತಿಯ ಬಾಲಕಿಯೊಬ್ಬಳು ಬಂದಳು. ಕೇಂದ್ರದ ಮೊಬೈಲಿನಲ್ಲಿ ಗ್ರಂಥಾಲಯದ ಆ್ಯಪ್ ಒಂದನ್ನು ತೆರೆದಳು. ಮೊದಲ ಪರದೆ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಬದಲಾಯಿಸುವ ಗುಂಡಿ ಮೂರು ಪರದೆ ಒಳಗಿತ್ತು. ನೋಂದಣಿಗೆ ಮೊಬೈಲ್ ಸಂಖ್ಯೆ ಕೇಳಿತು. ಅವಳು ತಂದೆಯ ಸಂಖ್ಯೆ ಕೊಟ್ಟಳು. ಒಟಿಪಿ ತಂದೆಯ ಫೋನಿಗೆ ಹೋಯಿತು. ತಂದೆ ಸಿಗ್ನಲ್ ಇಲ್ಲದ ತೋಟದಲ್ಲಿದ್ದರು. "ಅಪ್ಪ ಸಂಜೆ ಬರ್ತಾರೆ ಸರ್, ನಾಳೆ ಬರ್ತೀನಿ" ಎಂದು ಹೊರಟಳು. ಮರುದಿನ ಬರುವ ಹೊತ್ತಿಗೆ ಆ ಒಟಿಪಿಯ ಅವಧಿ ಮುಗಿದಿತ್ತು.

ಮೂರನೆಯ ಸಲ ತಂದೆಯೇ ಜೊತೆಗೆ ಬಂದರು. ನೋಂದಣಿ ಆಯಿತು. ಅವಳು ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿಯನ್ನು ಹುಡುಕುತ್ತ 'ಕರ್ವಾಲೋ' ಎಂದು ಬರೆದಳು. 'ಯಾವುದೇ ಪುಸ್ತಕ ದೊರೆತಿಲ್ಲ' ಎಂಬ ಉತ್ತರ ಬಂತು. ಪುಸ್ತಕದ ಹೆಸರು 'ಕರ್ವಾಲೊ'. ಕೊನೆಯ ಅಕ್ಷರ ಹ್ರಸ್ವ. ಒಂದು ದೀರ್ಘದ ವ್ಯತ್ಯಾಸವನ್ನು ಯಂತ್ರ ಕ್ಷಮಿಸಲಿಲ್ಲ. ಬಾಲಕಿ ತನ್ನ ಕಾಗುಣಿತವನ್ನು ಸಂಶಯಿಸಲಿಲ್ಲ. ಪುಸ್ತಕವೇ ಇಲ್ಲವೆಂದು ನಂಬಿದಳು. ಮೇಲ್ವಿಚಾರಕರು ಹಿಂದಿನ ಕಪಾಟಿನಿಂದ ಅದೇ ಕಾದಂಬರಿಯ ಮುದ್ರಿತ ಪ್ರತಿಯನ್ನು ತೆಗೆದುಕೊಟ್ಟರು. ಅವಳು ಅದನ್ನು ಹಿಡಿದು ಸಂತೋಷದಿಂದ ಹೋದಳು. ಆ್ಯಪಿನ ಲೆಕ್ಕದಲ್ಲಿ ಮಾತ್ರ ಒಬ್ಬ ಸದಸ್ಯೆ ಹೆಚ್ಚಾಗಿದ್ದಳು.

ಬಂಧುಗಳೇ, ನಾವು ಮೇಲಕ್ಕೆ ಕಳುಹಿಸುವ ವರದಿಗಳಲ್ಲಿ ಇರುವುದು ಹೆಚ್ಚಾಗಿ ಈ ಸಂಖ್ಯೆಯೇ: ಇಷ್ಟು ನೋಂದಣಿ ಎಂದು. ನೋಂದಣಿ ಓದಲ್ಲ. ನಲ್ಲಿಯ ಸಂಪರ್ಕ ಕೊಟ್ಟ ಮಾತ್ರಕ್ಕೆ ಮನೆಗೆ ನೀರು ಬಂತೆಂದು ನಾವು ಬರೆದುಕೊಳ್ಳುತ್ತೇವೆಯೇ?

ಬಳಕೆಯ ಸುಲಭತೆ ಎಂಬುದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಒ 9241 ಮಾನಕದ 11ನೇ ಭಾಗದಲ್ಲಿ ಒಂದು ವ್ಯಾಖ್ಯೆ ನೀಡಿದೆ. ಅದರ ಸಾರ ಹೀಗಿದೆ: ನಿರ್ದಿಷ್ಟ ಜನರು, ನಿರ್ದಿಷ್ಟ ಸನ್ನಿವೇಶದಲ್ಲಿ, ತಮ್ಮ ನಿರ್ದಿಷ್ಟ ಉದ್ದೇಶವನ್ನು ಎಷ್ಟರಮಟ್ಟಿಗೆ ಸಾಧಿಸಬಲ್ಲರು, ಎಷ್ಟು ಕಡಿಮೆ ಶ್ರಮದಲ್ಲಿ ಸಾಧಿಸಬಲ್ಲರು, ಎಷ್ಟು ಸಮಾಧಾನದಿಂದ ಸಾಧಿಸಬಲ್ಲರು. ಇದರಲ್ಲಿ 'ಸನ್ನಿವೇಶ' ಎಂಬ ಪದವನ್ನು ಗಮನಿಸಬೇಕು. ಸುಲಭತೆಯು ಆ್ಯಪಿನೊಳಗೆ ಮಾತ್ರ ಇರುವ ಗುಣವಲ್ಲ. ಮಗು, ಮೊಬೈಲು, ಸ್ಥಳ ಮೂರೂ ಕೂಡಿದಾಗ ಅದು ಹುಟ್ಟುತ್ತದೆ. ನಗರದಲ್ಲಿ ಸುಲಭವಾದ ಆ್ಯಪ್ ಸಂಸೆಯ ಮಳೆಯಲ್ಲಿ ಕಷ್ಟವಾಗಬಹುದು. ಆ್ಯಪನ್ನು ತಿದ್ದುವ ಕೆಲಸ ರಾಜಧಾನಿಯದು. ಸನ್ನಿವೇಶವನ್ನು ತಿದ್ದುವ ಕೆಲಸ ನಮ್ಮದು.

ನಮ್ಮ ಸನ್ನಿವೇಶ ಎಂಥದು? ಅನೇಕ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್ ಫೋನು. ಅದು ದುಡಿಯುವವರೊಡನೆ ಬೆಳಗ್ಗೆ ಹೊರಟು ಸಂಜೆ ಮರಳುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ನೂ ತಡವಾಗುತ್ತದೆ. ಮುಂಗಾರಿನಲ್ಲಿ ಮರ ಬಿದ್ದು ವಿದ್ಯುತ್ ಹೋದರೆ ಟವರೂ ಮೌನವಾಗುತ್ತದೆ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ್ದನ್ನು ನಾವು ಮರೆತಿಲ್ಲ. ದುಡಿಯಲು ಹೊರ ರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. ಅವರಿಗೆ ಕನ್ನಡದ ಪರದೆಯೂ ಹೊಸದು.

ಇದಕ್ಕೆ ಕನ್ನಡದ್ದೇ ಆದ ತೊಡಕುಗಳೂ ಸೇರುತ್ತವೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳಲ್ಲಿ ಕನ್ನಡದ ಹುಡುಕಾಟ ನಡೆಯುವುದಿಲ್ಲ. ಪುಟಗಳ ಚಿತ್ರ ತೆಗೆದು ಮಾಡಿದ ಪಿಡಿಎಫ್‌ಗಳಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ದೃಷ್ಟಿದೋಷವುಳ್ಳ ಮಗುವಿಗೆ ಫೋನು ಗಟ್ಟಿಯಾಗಿ ಓದಿ ಹೇಳಬಲ್ಲದು. ಆದರೆ ಚಿತ್ರವಾಗಿರುವ ಪುಟವನ್ನು ಅದು ಓದಲಾರದು. ಗಣಕದಲ್ಲಿ ಕನ್ನಡ ತೊಡಕಿಲ್ಲದೆ ನಡೆಯಬೇಕೆಂದು ತೇಜಸ್ವಿಯವರು ಒತ್ತಾಯಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಪಂಚಾಯಿತಿ ಏನು ಮಾಡಬಹುದು?

ಮೊದಲನೆಯದು, ನೋಡುವುದು. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅವರು 2000ದಲ್ಲಿ ಒಂದು ವಾದ ಮುಂದಿಟ್ಟರು: ಐದು ಜನರು ಬಳಸುವುದನ್ನು ಎಚ್ಚರದಿಂದ ನೋಡಿದರೆ ಮುಖ್ಯ ತೊಡಕುಗಳಲ್ಲಿ ಹೆಚ್ಚಿನವು ಕಾಣುತ್ತವೆ ಎಂದು. ಇದಕ್ಕೆ ಅನುದಾನ ಬೇಡ. ಅರಿವು ಕೇಂದ್ರದಲ್ಲಿ ಒಂದು ಸಂಜೆ ಐದು ಮಕ್ಕಳಿಗೆ ಒಂದೊಂದು ಪುಸ್ತಕ ಹುಡುಕಲು ಹೇಳಿರಿ. ಪಕ್ಕದಲ್ಲಿ ಕುಳಿತುಕೊಳ್ಳಿರಿ, ಆದರೆ ಹೇಳಿಕೊಡಬೇಡಿರಿ. ಮಗು ಎಲ್ಲಿ ನಿಂತಿತು, ಎಲ್ಲಿ ನಿಮ್ಮ ಮುಖ ನೋಡಿತು, ಮೊದಲ ಪುಟ ತೆರೆಯಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಬರೆದುಕೊಳ್ಳಿರಿ. ಹೇಳಿಕೊಡಬೇಕೆಂಬ ಆಸೆಯನ್ನು ತಡೆಯುವುದೇ ಈ ಕೆಲಸದ ಕಷ್ಟದ ಭಾಗ.

ಎರಡನೆಯದು, ನೋಂದಣಿಯನ್ನು ಫೋನು ಮನೆಯಲ್ಲಿರುವ ಹೊತ್ತಿಗೆ ಮಾಡಿಸುವುದು. ವಾರದ ರಜೆಯ ದಿನ ಲೈನ್ ಮನೆಗಳ ಬಳಿಗೆ ಮೇಲ್ವಿಚಾರಕರು ಹೋದರೆ, ಮೂರು ದಿನದ ಅಲೆದಾಟ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗುಪ್ತಪದವನ್ನು ತಂದೆತಾಯಿಯೇ ಬರೆದಿಟ್ಟುಕೊಳ್ಳಲಿ. ಕೇಂದ್ರದ ಗೋಡೆಯ ಮೇಲೆ ಬೇಡ.

ಮೂರನೆಯದು, ಮಳೆಗೆ ಮೊದಲೇ ಪುಸ್ತಕ ಇಳಿಸಿಕೊಡುವುದು. ಮನೆಗೆ ಸೌದೆ ಸೇರಿಸುವ ಕಾಲದಲ್ಲೇ ಮೊಬೈಲಿಗೆ ಓದು ಸೇರಿಸಬೇಕು. ಆ್ಯಪಿನಲ್ಲಿ ಅವಕಾಶವಿದ್ದರೆ, ಇಂಟರ್‌ನೆಟ್ ಇರುವ ಕೇಂದ್ರದಲ್ಲೇ ಪುಸ್ತಕಗಳನ್ನು ಇಳಿಸಿಕೊಂಡು ಹೋದ ಮಗು ಸಿಗ್ನಲ್ ಇಲ್ಲದ ಜುಲೈಯಲ್ಲೂ ಓದಬಹುದು.

ನಾಲ್ಕನೆಯದು, ಕೇಂದ್ರದ ಸಮಯ. ಶಾಲೆ ಬಿಡುವ ಹೊತ್ತಿಗೆ ಬಾಗಿಲು ಮುಚ್ಚಿದರೆ ಒಳಗಿರುವ ಯಂತ್ರಗಳಿಂದ ಯಾರಿಗೂ ಪ್ರಯೋಜನವಿಲ್ಲ. ಕೊನೆಯ ಬಸ್ಸಿನ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಮಯವನ್ನು ಗೊತ್ತುಪಡಿಸಬೇಕು.

ಐದನೆಯದು, ಕೇಳುವುದು ಮತ್ತು ಬರೆಯುವುದು. ಮಕ್ಕಳ ಗ್ರಾಮ ಸಭೆಯಲ್ಲಿ 'ಆ್ಯಪ್ ಇದೆಯೇ' ಎಂದು ಕೇಳಿದರೆ 'ಇದೆ' ಎನ್ನುತ್ತಾರೆ. 'ಕಳೆದ ತಿಂಗಳು ಯಾವ ಪುಸ್ತಕ ಓದಿದೆ, ಎಲ್ಲಿ ನಿಲ್ಲಿಸಿದೆ' ಎಂದು ಕೇಳಬೇಕು. ದೊರೆತ ತೊಡಕುಗಳನ್ನು ಯಾವ ಪರದೆ, ಯಾವ ಹೆಜ್ಜೆ ಎಂದು ಗುರುತಿಸಿ, ಠರಾವಿನೊಡನೆ ಜಿಲ್ಲಾ ಪಂಚಾಯತಿಗೆ ಕಳುಹಿಸಬೇಕು. 'ಆ್ಯಪ್ ಚೆನ್ನಾಗಿಲ್ಲ' ಎಂಬ ದೂರಿನಿಂದ ಯಾರೂ ಏನನ್ನೂ ಸರಿಪಡಿಸಲಾರರು. 'ಹ್ರಸ್ವ ದೀರ್ಘ ತಪ್ಪಿದರೆ ಪುಸ್ತಕ ಸಿಗುವುದಿಲ್ಲ' ಎಂಬ ಒಂದು ವಾಕ್ಯದಿಂದ ರಾಜ್ಯದ ಎಲ್ಲ ಮಕ್ಕಳಿಗೂ ಉಪಕಾರವಾಗಬಹುದು.

ಮುದ್ರಿತ ಪುಸ್ತಕಕ್ಕೆ ಮೊಬೈಲು ಬದಲಿ ಎಂದು ನಾನು ಹೇಳುತ್ತಿಲ್ಲ. ಕಪಾಟಿನ ಪುಸ್ತಕ ಒಟಿಪಿ ಕೇಳುವುದಿಲ್ಲ. ಆದರೆ ನಮ್ಮ ಕಪಾಟುಗಳು ಚಿಕ್ಕವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕನಿಗೂ ವಿಜ್ಞಾನ ಕಲಿಯುವ ಬಾಲಕಿಗೂ ಬೇಕಾದುದೆಲ್ಲವೂ ಅಲ್ಲಿ ಹಿಡಿಯದು. ಆದ್ದರಿಂದ ಎರಡೂ ಬೇಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆಂದು ಹೇಳುತ್ತದೆ. ಮೊಬೈಲು ಹುಟ್ಟುವ ಎಷ್ಟೋ ಮೊದಲು ಹೇಳಿದ ಈ ಮಾತು ಇಂದಿನ ಆ್ಯಪಿಗೂ ಅಳತೆಗೋಲು. ಮೂರು ದಿನ ನಡೆದು ಬಂದ ಆ ಬಾಲಕಿಯ ಸಮಯವನ್ನು ನಾವು ಉಳಿಸಲಿಲ್ಲ. ಅವಳು ಛಲ ಬಿಡದವಳು, ಮತ್ತೆ ಬಂದಳು. ಮೊದಲ ದಿನವೇ ಹಿಂದಿರುಗಿ ಮತ್ತೆ ಬಾರದ ಮಕ್ಕಳ ಹೆಸರು ಯಾವ ವಹಿಯಲ್ಲೂ ಇಲ್ಲ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ನಿಮ್ಮ ಅರಿವು ಕೇಂದ್ರದಲ್ಲಿ ಐದು ಮಕ್ಕಳೊಡನೆ ಒಂದು ಸಂಜೆ ಕುಳಿತು ಬನ್ನಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.