ಆಟ ಊರಿನದು, ಒಡೆತನ ಯಾರದು?

(ಕಾರ್ಮಿಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ತುಟ್ಟಿಭತ್ಯೆ, ತೆರಿಗೆಗಳ ಮಾತು ಬಿಟ್ಟು ಇವನೇನು ಫುಟ್‌ಬಾಲಿನ ಕಥೆ ತೆಗೆದ ಎನ್ನಬೇಡಿ. ನಾನು ಹೇಳಬೇಕೆಂದಿರುವುದು ಚೆಂಡಿನ ವಿಚಾರವಲ್ಲ, ಒಡೆತನದ ವಿಚಾರ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಬೆರಿ ಎಂಬ ಊರಿದೆ. ಒಂದು ಕಾಲಕ್ಕೆ ಅದು ಹತ್ತಿ ಗಿರಣಿಗಳ ಊರು. 1885ರಲ್ಲಿ ಅಲ್ಲೊಂದು ಫುಟ್‌ಬಾಲ್ ಕ್ಲಬ್ಬು ಹುಟ್ಟಿತು. 1900ರಲ್ಲೂ 1903ರಲ್ಲೂ ಇಡೀ ದೇಶದ ಎಫ್.ಎ. ಕಪ್ಪನ್ನು ಗೆದ್ದಿತು. ತಂದೆಯ ಕೈ ಹಿಡಿದು ಮಗ, ಮಗನ ಕೈ ಹಿಡಿದು ಮೊಮ್ಮಗ ಆಟಕ್ಕೆ ಹೋದರು. ಆದರೆ ಕಾಗದದ ಮೇಲೆ ಕ್ಲಬ್ಬು ಅವರದಾಗಿರಲಿಲ್ಲ. 2018ರ ಡಿಸೆಂಬರಿನಲ್ಲಿ, ಸಾಲದಲ್ಲಿ ಮುಳುಗಿದ್ದ ಕ್ಲಬ್ಬು ಒಂದೇ ಒಂದು ಪೌಂಡಿಗೆ ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ಹೋಯಿತು. ಆಟಗಾರರ, ನೌಕರರ ಸಂಬಳ ನಿಂತಿತು. 2019ರ ಜುಲೈನಲ್ಲಿ ಸಾಲದ ರಾಜಿಯಾಯಿತು. ಆಟಗಾರರಿಗೂ ಇತರ ಕ್ಲಬ್ಬುಗಳಿಗೂ ಪೂರ್ತಿ ಬಾಕಿ, ಉಳಿದವರಿಗೆ ಕಾಲು ಭಾಗ ಎಂಬುದು ಅದರ ಷರತ್ತು. ಉದ್ರಿ ಕೊಟ್ಟ ವ್ಯಾಪಾರಿಗೆ ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ನಾಲ್ಕಾಣೆ! ಆಗಸ್ಟ್ 27ರಂದು ಲೀಗಿನವರು ಕ್ಲಬ್ಬನ್ನೇ ಹೊರಹಾಕಿದರು. ತಪ್ಪು ಧಣಿಗಳದು, ಶಿಕ್ಷೆ ಊರಿಗೆ.

2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆರು ದೊಡ್ಡ ಕ್ಲಬ್ಬುಗಳ ಒಡೆಯರು ಯುರೋಪಿನ ಬೇರೆ ಶ್ರೀಮಂತ ಕ್ಲಬ್ಬುಗಳೊಡನೆ ಸೇರಿ ತಮ್ಮದೇ ಒಂದು ಪಂಕ್ತಿ ಹಾಕಿಕೊಳ್ಳಲು ಹೊರಟರು. ಜನ ಬೀದಿಗಿಳಿದರು. ಎರಡು ಮೂರು ದಿನಗಳಲ್ಲೇ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಸರ್ಕಾರ ವಿಚಾರಣೆ ನಡೆಸಿತು. 2025ರ ಜುಲೈನಲ್ಲಿ ಕಾಯಿದೆ ಬಂತು. ಈಗ ಸ್ವತಂತ್ರ ನಿಯಂತ್ರಕರಿದ್ದಾರೆ. ಕ್ಲಬ್ಬಿಗೆ ಲೈಸೆನ್ಸು ಬೇಕು. ಕೊಳ್ಳುವವನ ಹಣದ ಮೂಲ, ನಡತೆ ಪರೀಕ್ಷೆಯಾಗಬೇಕು. ಮುಖ್ಯ ವಿಷಯಗಳಲ್ಲಿ ಬೆಂಬಲಿಗರ ಅಭಿಪ್ರಾಯ ಕೇಳಬೇಕು.

ಇದು ಸಣ್ಣ ಜಯವಲ್ಲ. ಆದರೆ ಕೇಳಬೇಕೆಂದಿದೆಯೇ ಹೊರತು, ಬೆಂಬಲಿಗನಿಗೆ ಕ್ಲಬ್ಬಿನಲ್ಲಿ ಪಾಲು ಕೊಟ್ಟಿಲ್ಲ. ಎತ್ತಿಗೆ ಮೂಗುದಾರ ಬಿತ್ತು ನಿಜ, ಹಟ್ಟಿಯ ಬೀಗದ ಕೈ ಮಾತ್ರ ಹಳೆಯ ಸೊಂಟದಲ್ಲೇ ಇದೆ.

ಜರ್ಮನಿಯಲ್ಲಿ ಬೇರೆ ದಾರಿ ಹಿಡಿದರು. 1998ರಲ್ಲಿ ಕ್ಲಬ್ಬುಗಳು ಕಂಪೆನಿಗಳಾಗಲು ಅನುಮತಿ ಕೊಟ್ಟಾಗಲೇ ಒಂದು ಷರತ್ತು ಹಾಕಿದರು. ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಸದಸ್ಯರ ಸಂಘದ ಕೈಯಲ್ಲಿರಬೇಕು. ಲೆವರ್‌ಕೂಸನ್, ವುಲ್ಫ್ಸ್‌ಬರ್ಗ್‌ಗಳಂಥ ಕಾರ್ಖಾನೆ ಕ್ಲಬ್ಬುಗಳಿಗೆ ವಿನಾಯಿತಿ ಸಿಕ್ಕಿದ್ದು ಈ ನಿಯಮದ ಕುಂದು. ಆದರೂ ಉಳಿದ ಕಡೆ ದುಡ್ಡು ಹಾಕಿದ ಮಾತ್ರಕ್ಕೆ ಯಾರೂ ಯಜಮಾನರಾಗಲಾರರು.

ಬಡವರು ಕ್ಲಬ್ಬು ನಡೆಸಬಲ್ಲರೇ ಎಂದು ಕೇಳುವವರಿದ್ದಾರೆ. ಎಕ್ಸೆಟರ್ ಕ್ಲಬ್ಬು 2003ರಿಂದ ಬೆಂಬಲಿಗರ ಟ್ರಸ್ಟಿನದು. ತಮ್ಮ ಕ್ಲಬ್ಬನ್ನು ಬೇರೆ ಊರಿಗೆ ಒಯ್ಯಲು ಬಿಟ್ಟಾಗ ವಿಂಬಲ್ಡನ್ನಿನ ಜನ 2002ರಲ್ಲಿ ಹೊಸದನ್ನೇ ಕಟ್ಟಿ, 2011ಕ್ಕೆ ಅದನ್ನು ಲೀಗಿಗೆ ಏರಿಸಿದರು. ಆದರೆ ಸತ್ಯ ಮುಚ್ಚಿಡಬಾರದು. ಪೋರ್ಟ್ಸ್‌ಮತ್ತಿನ ಬೆಂಬಲಿಗರು 2013ರಲ್ಲಿ ಕ್ಲಬ್ಬನ್ನು ಉಳಿಸಿಕೊಂಡು, 2017ರಲ್ಲಿ ತಾವೇ ಮತ ಹಾಕಿ ಅಮೆರಿಕದ ಶ್ರೀಮಂತನಿಗೆ ಮಾರಿದರು. ಮೇಲೇರಲು ಬಂಡವಾಳ ಬೇಕಿತ್ತು.

ಆದ್ದರಿಂದಲೇ ಬರಿಯ ಉತ್ಸಾಹ ಸಾಲದು, ಕಾಯಿದೆಯ ಬಲ ಬೇಕು. 2011ರ ಇಂಗ್ಲೆಂಡಿನ ಕಾಯಿದೆಯು, ಊರಿನ ಆಸ್ತಿಯೆಂದು ಪಟ್ಟಿಗೆ ಸೇರಿದ ಮೈದಾನವನ್ನು ಮಾರುವಾಗ ಹಣ ಕೂಡಿಸಲು ಜನರಿಗೆ ಆರು ತಿಂಗಳು ಕೊಟ್ಟಿತು. ಆದರೆ ಅವರಿಗೇ ಮಾರಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. ಆ ಕಟ್ಟು ಬೇಕು. ಕ್ಲಬ್ಬು ಮಾರಾಟಕ್ಕೆ ಬಂದಾಗ ಮೊದಲ ಹಕ್ಕು ಬೆಂಬಲಿಗರ ಸಂಘಕ್ಕಿರಬೇಕು. ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಸಿಗಬೇಕು. ಬೆರಿಯನ್ನೇ ನೋಡಿ. ಸರ್ಕಾರದ ನೆರವೂ ದಾನಿಗಳ ಹಣವೂ ಕೂಡಿದ ಮೇಲೆ 2022ರಲ್ಲಿ ಬೆಂಬಲಿಗರು ಗಿಗ್ ಲೇನ್ ಮೈದಾನ ಕೊಂಡರು. 2023ರಲ್ಲಿ, ಕೆಳದರ್ಜೆಯಲ್ಲಾದರೂ, ಬೆರಿ ತಂಡ ಮತ್ತೆ ಅಲ್ಲಿ ಆಡಿತು.

ಬೆರಿಗೆ ಕೆಲವೇ ಮೈಲಿ ದೂರದ ರಾಚ್‌ಡೇಲಿನಲ್ಲಿ 1844ರಲ್ಲಿ ನೇಕಾರರೂ ಕುಶಲಕರ್ಮಿಗಳೂ ಸಹಕಾರಿ ಅಂಗಡಿ ತೆರೆದರು. ಆಳಿಗೊಂದೇ ಮತ ಎಂಬ ಅವರ ತತ್ವವೇ ಇಂದು ಆ ಬೆಂಬಲಿಗರ ಸಂಘಗಳದೂ ಹೌದು. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ನಮ್ಮವರು ಸಹಕಾರಿ ಸಂಘ ಕಟ್ಟಿದರು. ಹಾಗಿದ್ದೂ ನಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ? ಕೈಯಲ್ಲಿರುವ ಮತ ಚಲಾಯಿಸದವನಿಗೆ ಒಡೆತನ ಸಿಕ್ಕಿಯೂ ಉಳಿಯದು. ಈ ಸಲ ಹೋಗೋಣ, ಲೆಕ್ಕ ಕೇಳೋಣ.