ಬೆಳಕಿನ ಬೊಂಬೆಗೆ ಎಷ್ಟು ಸೂತ್ರ?

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ ಸಂಗೀತಗಳ ಮಾತು ಕೇಳಲು ಬಂದ ತಮ್ಮ ಮುಂದೆ ತಂತಿ ಮತ್ತು ಪ್ಲಗ್ಗುಗಳ ವಿಷಯವನ್ನು ಇಡುತ್ತಿರುವುದಕ್ಕೆ ಮೊದಲಿಗೇ ಕ್ಷಮೆ ಕೋರುತ್ತೇನೆ. ರಾಜ್ಯೋತ್ಸವಕ್ಕೆ, ದೀಪಾವಳಿಗೆ ಬಾಡಿಗೆ ಸಭಾಂಗಣಗಳಲ್ಲಿ ಲೇಸರ್ ಬೆಳಕಿನ ಪ್ರದರ್ಶನ ಏರ್ಪಡಿಸುವ ಉತ್ಸಾಹ ನಮ್ಮಲ್ಲಿಯೂ ಬೆಳೆದಿದೆ. ಆ ಬೆಳಕಿನ ಹಿಂದಿರುವ ಕೇಬಲ್ಲನ್ನು ಸರಳಗೊಳಿಸುವ ಪ್ರಯತ್ನಗಳೂ ನಡೆದಿವೆ. ಸರಳತೆ ಎಲ್ಲಿಯವರೆಗೆ ಹಿತ, ಎಲ್ಲಿಂದ ಅಪಾಯ ಎಂಬುದೇ ನನ್ನ ಇಂದಿನ ವಿಷಯ.

ದೀಪಾವಳಿಯ ರಾತ್ರಿ ಮಕ್ಕಳು ಸುರುಸುರು ಬತ್ತಿಯನ್ನು ಗರಗರನೆ ತಿರುಗಿಸಿದಾಗ ಕತ್ತಲಲ್ಲಿ ಬೆಳಕಿನ ಬಳೆಯೊಂದು ಮೂಡುತ್ತದೆ. ಅಲ್ಲಿ ನಿಜವಾಗಿ ಇರುವುದು ಒಂದು ಕಿಡಿ ಮಾತ್ರ; ಬಳೆಯನ್ನು ಕಟ್ಟುವುದು ನಮ್ಮ ಕಣ್ಣು. ಲೇಸರ್ ಪ್ರೊಜೆಕ್ಟರಿನ ಗುಟ್ಟೂ ಇಷ್ಟೆ. ಅದರೊಳಗೆ ಉಗುರಿನಷ್ಟು ಚಿಕ್ಕ ಎರಡು ಕನ್ನಡಿಗಳಿರುತ್ತವೆ. ಒಂದು ಕಿರಣವನ್ನು ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ ಓಡಿಸುತ್ತದೆ. ಇವನ್ನು ಅಲುಗಿಸುವ ಯಂತ್ರಕ್ಕೆ ಗ್ಯಾಲ್ವನೋಮೀಟರ್ ಎಂದು ಹೆಸರು. ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುವ ರಂಗೋಲಿಯಂತೆ, ಸೆಕೆಂಡಿಗೆ 30,000 ಚುಕ್ಕಿಗಳ ವೇಗದಲ್ಲಿ, ಒಂದೇ ಕಿರಣ ಇಡೀ ಚಿತ್ರವನ್ನು ಬರೆಯುತ್ತದೆ.

ಈ ಕಿರಣ ಒಂದು ಸೂತ್ರದ ಬೊಂಬೆ. ಸೂತ್ರಧಾರ ದೂರದ ನಿಯಂತ್ರಣ ಪೆಟ್ಟಿಗೆಯಲ್ಲಿದ್ದಾನೆ. ನಡುವಿನ ಸೂತ್ರಗಳೇ ಕೇಬಲ್ಲಿನ ತಂತಿಗಳು.

1973ರಲ್ಲಿ ಲಾಸ್ ಏಂಜಲೀಸಿನ ಗ್ರಿಫಿತ್ ವೀಕ್ಷಣಾಲಯದಲ್ಲಿ ಐವನ್ ಡ್ರೈಯರ್ ಅವರ 'ಲೇಸೇರಿಯಂ' ಪ್ರದರ್ಶನ ಆರಂಭವಾದಾಗ ಎಲ್ಲರೂ ಒಪ್ಪಿದ ಪ್ಲಗ್ಗು ಎಂಬುದೇ ಇರಲಿಲ್ಲ. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪ್ರೊಜೆಕ್ಟರಿಗೆ ಒಗ್ಗುವಂತಿರಲಿಲ್ಲ. 1986ರಲ್ಲಿ ಅಂತರರಾಷ್ಟ್ರೀಯ ಲೇಸರ್ ಪ್ರದರ್ಶನ ಸಂಘ, ಅಂದರೆ 'ಇಲ್ಡಾ', ಸ್ಥಾಪನೆಯಾಯಿತು. ಅದು ರೂಪಿಸಿದ ಮಾನದಂಡದಲ್ಲಿ 25 ಪಿನ್ನುಗಳ 'ಡಿಬಿ-25' ಕನೆಕ್ಟರಿಗೆ ಸ್ಥಾನ ದೊರೆಯಿತು. ಹಳೆಯ ಕಂಪ್ಯೂಟರುಗಳಿಗೆ ಪ್ರಿಂಟರ್ ಜೋಡಿಸುತ್ತಿದ್ದ ಅಗಲವಾದ ಪ್ಲಗ್ಗು ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು, ಅದೇ ಇದು.

ಇಷ್ಟೊಂದು ಪಿನ್ನುಗಳೇಕೆ? ಎರಡು ಕನ್ನಡಿಗಳು, ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳು. ಹೀಗೆ ಐದು ಸಂಕೇತಗಳಾದವು. ಆದರೆ ಒಂದೊಂದು ಸಂಕೇತಕ್ಕೂ ಎರಡೆರಡು ತಂತಿ ಬೇಕು. ಒಂದರಲ್ಲಿ ವೋಲ್ಟೇಜ್ ಏರಿದರೆ ಮತ್ತೊಂದರಲ್ಲಿ ಅಷ್ಟೇ ಇಳಿಯುತ್ತದೆ; ಪ್ರೊಜೆಕ್ಟರ್ ಎರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ದಾರಿಯಲ್ಲಿ ರಂಗದೀಪಗಳ ವಿದ್ಯುತ್ ಗದ್ದಲ ಸೇರಿಕೊಂಡರೆ ಎರಡು ತಂತಿಗಳಿಗೂ ಸಮನಾಗಿ ಸೇರುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಒಂದೇ ತೂಕದ ಕಲ್ಲು ಬಿದ್ದರೆ ಮುಳ್ಳು ಅಲುಗದಷ್ಟೆ? ಹಾಗೆಯೇ ಚಿತ್ರ ನಡುಗದು. ಅಲ್ಲಿಗೆ ಹತ್ತು ತಂತಿಗಳಾದವು. ಒಟ್ಟು ಪ್ರಕಾಶಕ್ಕೆ ಮತ್ತೊಂದು ಜೋಡಿ, ಕಿರಣದ ಬಾಗಿಲಾದ ಶಟರಿಗೆ 13ನೆಯ ಪಿನ್ನು, ಭೂಸಂಪರ್ಕಕ್ಕೆ 25ನೆಯದು.

ಇನ್ನುಳಿದವುಗಳಲ್ಲಿ 4 ಮತ್ತು 17ನೆಯ ಪಿನ್ನುಗಳ ಕಡೆ ತಮ್ಮ ವಿಶೇಷ ಗಮನವನ್ನು ಸೆಳೆಯಬಯಸುತ್ತೇನೆ. ಇವು ಚಿತ್ರ ಬರೆಯುವುದಿಲ್ಲ, ಬಣ್ಣ ತುಂಬುವುದಿಲ್ಲ. ಪ್ರೊಜೆಕ್ಟರಿನಿಂದ ಹೊರಟು ನಿಯಂತ್ರಣ ಪೆಟ್ಟಿಗೆಯವರೆಗೆ ಹೋಗಿ ಅಲ್ಲಿ ಒಂದುಗೂಡುತ್ತವೆ, ಅಷ್ಟೆ. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. ಈ ವರ್ತುಲ ಪೂರ್ಣವಾಗಿರುವವರೆಗೆ ಮಾತ್ರ ಬೆಳಕು. ಕೇಬಲ್ ಕಳಚಿದರೆ, ಅಥವಾ ಯಾರಾದರೂ ಕೆಂಪು ಗುಂಡಿ ಒತ್ತಿದರೆ, ವರ್ತುಲ ತುಂಡಾಗಿ ಲೇಸರ್ ಆರುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ತಮ್ಮಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹಬ್ಬದ ಕಾರ್ಯಕ್ರಮವೊಂದಕ್ಕೆ ಪ್ರೊಜೆಕ್ಟರನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಕೇಬಲ್ ಮರೆತು ಬಂದಿದ್ದೆ. ಗೆಳೆಯರೊಬ್ಬರು ಹಳೆಯ ಕಂಪ್ಯೂಟರಿನ ಕೇಬಲ್ಲೊಂದನ್ನು ತಂದುಕೊಟ್ಟರು. ಪ್ಲಗ್ಗೇನೋ ಸರಿಯಾಗಿ ಕೂತಿತು, ಬೆಳಕು ಬರಲಿಲ್ಲ. ಇಂತಹ ಹಳೆಯ ಕೇಬಲ್ಲುಗಳಲ್ಲಿ ಅನೇಕ ವೇಳೆ 25 ಪಿನ್ನುಗಳಿಗೂ ತಂತಿ ಇರುವುದಿಲ್ಲ. ಇದರಲ್ಲಿ 17ನೆಯದಕ್ಕೆ ಇರಲಿಲ್ಲ. ಸಭಿಕರು ಆಗಲೇ ಬಂದು ಕೂತಿದ್ದರು. ಅವಸರದಲ್ಲಿ ನಾನು ಪ್ರೊಜೆಕ್ಟರಿನ ತುದಿಯಲ್ಲಿಯೇ 4 ಮತ್ತು 17ನ್ನು ತುಂಡು ತಂತಿಯಿಂದ ಜೋಡಿಸಿಬಿಟ್ಟೆ. ಬೆಳಕು ಬಂತು, ಚಪ್ಪಾಳೆಯೂ ಬಂತು.

ನಡುವೆ ಓಡಾಡುತ್ತಿದ್ದ ಮಗುವೊಂದರ ಕಾಲು ನೆಲದ ಮೇಲಿದ್ದ ಕೇಬಲ್ಲಿಗೆ ಸಿಕ್ಕಿತು. ತಿರುಪು ಬಿಗಿಯದಿದ್ದ ಪ್ಲಗ್ಗು ಅರ್ಧ ಕಿತ್ತು ಬಂದಿತು. ಮೇಲೆಕೆಳಗಿನ ಕನ್ನಡಿ ನಿಂತುಹೋಯಿತು. ಗೋಡೆಯ ತುಂಬ ಹರಡಿದ್ದ ಚಿತ್ರ ಕುಸಿದು ಉರಿಯುವ ಒಂದೇ ಗೆರೆಯಾಯಿತು. ನಾನು ಕೆಂಪು ಗುಂಡಿಯನ್ನು ಒತ್ತಿದೆ; ಲೇಸರ್ ಆರಲಿಲ್ಲ. ಆರುವುದಾದರೂ ಹೇಗೆ? ಆ ಗುಂಡಿಯ ದಾರಿಯನ್ನು ನಾನೇ ಮುಚ್ಚಿದ್ದೆ. ಓಡಿಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ. ಕಿರಣ ಎಲ್ಲರ ತಲೆಗಿಂತ ಬಹಳ ಮೇಲಿದ್ದುದರಿಂದ ಯಾರ ಕಣ್ಣಿಗೂ ತೊಂದರೆಯಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಕು ಬಾರದಿದ್ದಾಗ ಯಂತ್ರ ಕೆಟ್ಟಿರಲಿಲ್ಲ. ಕೇಬಲ್ ಸರಿಯಿಲ್ಲವೆಂದು ಅದು ನನಗೆ ತಿಳಿಸುತ್ತಿತ್ತು.

ಈಗ ಸರಳತೆಯ ಮಾತಿಗೆ ಬರೋಣ. ಮೊದಲ ಉಪಾಯವೆಂದರೆ ಮನೆಯ ಕಂಪ್ಯೂಟರ್ ಜಾಲಕ್ಕೆ ಬಳಸುವ ತೆಳ್ಳನೆಯ ಕೇಬಲ್ಲಿನಲ್ಲಿಯೇ ಈ ಸಂಕೇತಗಳನ್ನು ಕಳಿಸುವುದು. ಅದರಲ್ಲಿರುವುದು ನಾಲ್ಕು ಜೋಡಿ, ಎಂಟು ತಂತಿ. ನಮಗೆ ಬೇಕಾದದ್ದು ಕನಿಷ್ಠ ಐದು ಜೋಡಿ. ಒಂದೋ ಎರಡು ಕೇಬಲ್ ಎಳೆಯಬೇಕು, ಇಲ್ಲವೆ ಜೋಡಿಗಳನ್ನು ಮುರಿದು ಗದ್ದಲಕ್ಕೆ ಎಡೆಗೊಡಬೇಕು. ಹೀಗೆ ಜಾಗ ಸಾಲದಾದಾಗ ಮೊದಲು ಕೈಬಿಡುವುದು ಚಿತ್ರ ಬರೆಯದ ಇಂಟರ್‌ಲಾಕ್ ತಂತಿಗಳನ್ನೇ ಎಂಬುದು ಖೇದದ ಸಂಗತಿ.

ಎರಡನೆಯ ಉಪಾಯ ಮೇಲಾದುದು. ಅಂಕಿಗಳನ್ನು ವೋಲ್ಟೇಜಾಗಿಸುವ ಸಾಧನವನ್ನು ಪ್ರೊಜೆಕ್ಟರಿನೊಳಗೇ ಇಟ್ಟು, ಕೇಬಲ್ಲಿನಲ್ಲಿ ಅಂಕಿಗಳನ್ನು ಮಾತ್ರ ಕಳಿಸುವುದು. 'ಈಥರ್ ಡ್ರೀಮ್' ಎಂಬ ಸಾಧನ ಈ ದಾರಿಯದು. ಇಲ್ಡಾ ಸಹ 'ಐಡಿಎನ್' ಎಂಬ ಮಾನದಂಡವನ್ನು ರೂಪಿಸಿದೆ. ಲೆಕ್ಕ ಹಾಕಿ ನೋಡಿ: ಪ್ರತಿ ಚುಕ್ಕಿಗೆ ಸ್ಥಾನಕ್ಕೆಂದು 4 ಬೈಟು, ಬಣ್ಣಕ್ಕೆಂದು 3 ಬೈಟು ಹಿಡಿದರೆ, 30,000 ಚುಕ್ಕಿಗಳಿಗೆ ಸೆಕೆಂಡಿಗೆ 2,10,000 ಬೈಟು, ಅಂದರೆ ಸುಮಾರು 1.7 ಮೆಗಾಬಿಟ್. ಸಾಧಾರಣ ಈಥರ್‌ನೆಟ್ ಹೊರುವ 100 ಮೆಗಾಬಿಟ್ಟಿನ ಮುಂದೆ ಇದು ಅತ್ಯಲ್ಪ. ಕೇಬಲ್ ಹಗುರ, 100 ಮೀಟರಿನವರೆಗೆ ಎಳೆಯಬಹುದು, ಯಾವ ಅಂಗಡಿಯಲ್ಲಿಯೂ ಸಿಗುತ್ತದೆ.

ಆದರೂ ಒಂದು ನಿಯಮವನ್ನು ಮರೆಯಬಾರದು: ಚಿತ್ರದ ಸೂತ್ರ ಒಂದೇ ಆಗಲಿ, ಬೆಳಕನ್ನು ಆರಿಸುವ ಸೂತ್ರ ಬೇರೆಯೇ ಇರಲಿ. ಅಂಕಿಗಳ ಹರಿವು ತಡವಾಗಬಹುದು, ಕಂಪ್ಯೂಟರ್ ಸ್ತಬ್ಧವಾಗಬಹುದು. ಕೆಂಪು ಗುಂಡಿ ಅವುಗಳ ಮೇಲೆ ಅವಲಂಬಿಸಕೂಡದು. ಅನೇಕ ಪ್ರೊಜೆಕ್ಟರುಗಳಲ್ಲಿ ಇದಕ್ಕಾಗಿಯೇ ಮೈಕಿನ ಪ್ಲಗ್ಗಿನಂತಹ ಮೂರು ಪಿನ್ನಿನ ಪ್ರತ್ಯೇಕ ಸಾಕೆಟ್ ಇರುತ್ತದೆ. ಕನ್ನಡಿ ನಿಂತೊಡನೆ ಕಿರಣವನ್ನು ತಾನೇ ಕಡಿಯುವ ರಕ್ಷಣಾ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸತಕ್ಕದ್ದು.

ಅಮೆರಿಕದಲ್ಲಿ ಆಹಾರ ಮತ್ತು ಔಷಧ ಆಡಳಿತವೇ ಲೇಸರ್ ಪ್ರದರ್ಶನಗಳನ್ನೂ ನೋಡಿಕೊಳ್ಳುತ್ತದೆ ಎಂದರೆ ತಮಗೆ ಆಶ್ಚರ್ಯವಾದೀತು. 5 ಮಿಲಿವ್ಯಾಟ್ ಮೀರಿದ ಪ್ರದರ್ಶನಕ್ಕೆ ಅದರ 'ವೇರಿಯನ್ಸ್' ಅನುಮತಿ ಮೊದಲೇ ಬೇಕು. ಬಾಡಿಗೆಗೆ ತರುವವರು ಆ ಪತ್ರವನ್ನು ಕೇಳಿ ನೋಡಬೇಕು. ಸಭಿಕರು ಬರುವ ಮುನ್ನ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿ, ಕೇಬಲ್ಲನ್ನು ಒಮ್ಮೆ ಕಳಚಿ, ಎರಡು ಸಲವೂ ಬೆಳಕು ಆರುವುದನ್ನು ಕಣ್ಣಾರೆ ಕಾಣಬೇಕು. ಬಳಿಕ ತಿರುಪುಗಳನ್ನು ಬಿಗಿದು, ಕೇಬಲ್ಲನ್ನು ನೆಲಕ್ಕೆ ಟೇಪಿನಿಂದ ಅಂಟಿಸಬೇಕು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಅಂದು ನಾನು ಆ ಹತ್ತು ನಿಮಿಷವನ್ನು ಕೊಡಲಿಲ್ಲ.

ತಂತಿಗಳು ಕಡಮೆಯಾಗಲಿ, ಅದು ಸ್ವಾಗತಾರ್ಹ. ಆದರೆ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂರುವ ನಮ್ಮ ಮಕ್ಕಳ ಕಣ್ಣನ್ನು ಕಾಯುವ ಆ ಎರಡು ತಂತಿಗಳನ್ನು ಮಾತ್ರ ಯಾರೂ ಉಳಿಸಹೋಗಬೇಡಿ ಎಂದು ವಿನಂತಿಸುತ್ತೇನೆ.